ಬಿದ್ದ ಆನೆಯೂ ಆಳಿನ ಕಲ್ಲೂ

ಆನೆ ಬಿದ್ದರೆ ಆಳಿಗೊಂದು ಕಲ್ಲು ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಈ ಗಾದೆಯಲ್ಲಿ ಆನೆಯ ಬಗೆಗೆ ಮರುಕವಿದೆಯೋ, ಆಳಿನ ಬಗೆಗೆ ತಿರಸ್ಕಾರವಿದೆಯೋ, ಅಥವಾ ಇಬ್ಬರನ್ನೂ ಕಂಡು ಬರಿಯ ನಗುವಿದೆಯೋ ಹೇಳುವುದು ಕಷ್ಟ. ಗಾದೆಗಳ ಜಾಣತನವೇ ಅದು; ತೀರ್ಪನ್ನು ಕೇಳುವವನಿಗೇ ಬಿಟ್ಟು ತಾವು ಜಾರಿಕೊಳ್ಳುತ್ತವೆ. ಬಿದ್ದ ದೊಡ್ಡವರನ್ನು ಕಂಡು ನಗಬಹುದೆ ಎಂಬ ಪ್ರಶ್ನೆಯನ್ನು ನಾನಿಲ್ಲಿ ಎತ್ತಿಕೊಳ್ಳಲು ಕಾರಣವಾದ ಆನೆಗೆ ನಾಲ್ಕಲ್ಲ, ಇಪ್ಪತ್ತೆರಡು ಕಾಲು. ಅದು ಬ್ರೆಜಿಲ್ ದೇಶದ ಫುಟ್ಬಾಲ್ ತಂಡ. ಬಿದ್ದದ್ದು 2014ರ ಜುಲೈ 8ರಂದು, ಬೆಲೊ ಹೊರಿಜೊಂಟೆ ನಗರದ ಮಿನೆರಾವ್ ಮೈದಾನದಲ್ಲಿ, ವಿಶ್ವಕಪ್ಪಿನ ಸೆಮಿಫೈನಲ್ ಪಂದ್ಯದಲ್ಲಿ.

ಆನೆ ಎಷ್ಟು ದೊಡ್ಡದೆಂಬುದನ್ನು ಮೊದಲು ಹೇಳಬೇಕು. ಆ ಹೊತ್ತಿಗೆ ಐದು ಸಲ ವಿಶ್ವಕಪ್ ಗೆದ್ದಿದ್ದ ದೇಶ ಅದೊಂದೇ. ಹಿಂದಿನ ವರ್ಷವಷ್ಟೇ, 2013ರಲ್ಲಿ, ಕಾನ್ಫೆಡರೇಷನ್ಸ್ ಕಪ್ಪಿನ ಫೈನಲ್‌ನಲ್ಲಿ ಆಗಿನ ವಿಶ್ವವಿಜೇತ ಸ್ಪೇನನ್ನು ಮೂರು ಸೊನ್ನೆಯಿಂದ ಸೋಲಿಸಿತ್ತು. ಆ ಕೀರ್ತಿ ಸಮುದ್ರಗಳನ್ನು ದಾಟಿದ್ದು ಇಂದು ನಿನ್ನೆಯ ಮಾತಲ್ಲ. ನಮ್ಮ ಬೆಂಗಳೂರಿನ ಹಲಸೂರಿನ ಕಡೆಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಉಂಟು. ಆ ಬಡಾವಣೆಗೆ ಮಿನಿ ಬ್ರೆಜಿಲ್ ಎಂಬ ಅಡ್ಡಹೆಸರೂ ಉಂಟು. ಇಷ್ಟು ದೂರದ ಬೀದಿಯಲ್ಲಿ ಇಷ್ಟು ಪ್ರೀತಿ ಸಂಪಾದಿಸಿದ ತಂಡವನ್ನು ಸಾಮಾನ್ಯವೆನ್ನುವ ಧೈರ್ಯ ಯಾರಿಗಿದ್ದೀತು?

ಆದರೆ ಕಣ್ಣಿದ್ದವರಿಗೆ ಕಾಣುತ್ತಿದ್ದ ಸಂಗತಿ ಬೇರೆ. ತನ್ನ ಮನೆಯಂಗಳದಲ್ಲೇ ನಡೆದ ಆ ಪಂದ್ಯಾವಳಿಯಲ್ಲಿ ಬ್ರೆಜಿಲ್ ಮೆಕ್ಸಿಕೋದ ಎದುರು ಒಂದು ಗೋಲನ್ನೂ ಹೊಡೆಯಲಾರದೆ ಸಮ ಮಾಡಿಕೊಂಡಿತು. ಚಿಲಿಯ ಮೇಲೆ ಪೆನಾಲ್ಟಿ ಒದೆತಗಳಿಂದ ಬದುಕಿತು. ಅದಕ್ಕೆ ಸ್ವಲ್ಪ ಮುಂಚೆ ಚಿಲಿಯವನೊಬ್ಬ ಹೊಡೆದ ಚೆಂಡು ಗೋಲಿನ ಅಡ್ಡಗಂಬಕ್ಕೆ ತಗುಲಿರದಿದ್ದರೆ ಕಥೆ ಅಂದೇ ಮುಗಿಯುತ್ತಿತ್ತು. ಕೊಲಂಬಿಯದ ಮೇಲೆ ಗೆದ್ದರೂ ನೇಮಾರನ ಬೆನ್ನೆಲುಬು ಮುರಿಯಿತು. ನಾಯಕ ಥಿಯಾಗೊ ಸಿಲ್ವ ಎರಡನೆಯ ಹಳದಿ ಚೀಟಿ ಪಡೆದು ಮುಂದಿನ ಪಂದ್ಯದಿಂದ ಹೊರಗುಳಿದ. ಮುಂದಿನ ಕೊಂಬೂ ಹೋಯಿತು, ಹಿಂದಿನ ಗೋಡೆಯೂ ಹೋಯಿತು. ಆದರೂ ರಾಷ್ಟ್ರಗೀತೆಯ ಹೊತ್ತಿಗೆ ನೇಮಾರನ ಅಂಗಿಯನ್ನು ಎತ್ತಿ ಹಿಡಿದುಕೊಂಡು ಎಲ್ಲರೂ ಆವೇಶದಿಂದ ಹಾಡಿದರು. ಅಂಗಿಗೆ ಆಡಲು ಬರುವುದಿಲ್ಲವೆಂಬುದು ತಿಳಿದದ್ದು ಅನಂತರ.

ನಮ್ಮ ಗಡಿಯಾರದಲ್ಲಿ ಆಗ ರಾತ್ರಿ ಒಂದೂವರೆ ಗಂಟೆ. ಹನ್ನೊಂದನೆಯ ನಿಮಿಷದಲ್ಲಿ ಜರ್ಮನಿಯ ಮ್ಯುಲರ್ ಮೂಲೆಯಿಂದ ಬಂದ ಚೆಂಡನ್ನು ಯಾರ ಅಡ್ಡಿಯೂ ಇಲ್ಲದೆ ಗೋಲಿಗೆ ತಳ್ಳಿದ. ಇಪ್ಪತ್ತಮೂರನೆಯ ನಿಮಿಷದಲ್ಲಿ ಕ್ಲೋಸ ಹೊಡೆದ. ಅದು ವಿಶ್ವಕಪ್ಪಿನಲ್ಲಿ ಆತನ ಹದಿನಾರನೆಯ ಗೋಲು. ಹದಿನೈದರ ಹಳೆಯ ದಾಖಲೆ ಬ್ರೆಜಿಲಿನ ರೊನಾಲ್ಡೊನದೇ ಆಗಿತ್ತು. ಆಮೇಲೆ ಇಪ್ಪತ್ತನಾಲ್ಕು, ಇಪ್ಪತ್ತಾರು, ಇಪ್ಪತ್ತೊಂಬತ್ತು. ನನ್ನ ಮಿತ್ರರೊಬ್ಬರು ಕಾಫಿ ಬಿಸಿ ಮಾಡಿಕೊಳ್ಳಲು ಒಳಗೆ ಹೋಗಿದ್ದರಂತೆ. ಲೋಟ ಹಿಡಿದು ಬಂದವರು ಟೆಲಿವಿಷನ್ನಿನಲ್ಲಿ ಒಂದೇ ಗೋಲನ್ನು ಮತ್ತೆ ಮತ್ತೆ ತೋರಿಸುತ್ತಿದ್ದಾರೆಂದು ತಿಳಿದು ಬೇಸರಪಟ್ಟುಕೊಂಡರಂತೆ. ಆರು ನಿಮಿಷಗಳಲ್ಲಿ ನಾಲ್ಕು ಗೋಲು! ಕೊನೆಗೆ ಏಳು, ಬ್ರೆಜಿಲಿನ ಪಾಲಿಗೆ ತೊಂಬತ್ತನೆಯ ನಿಮಿಷದಲ್ಲಿ ಒಂದು. ನಾಲ್ಕು ದಿನಗಳ ಮೇಲೆ ಮೂರನೆಯ ಸ್ಥಾನದ ಪಂದ್ಯದಲ್ಲಿ ನೆದರ್ಲೆಂಡ್ಸ್ ಮತ್ತೆ ಮೂರು ಹೊಡೆಯಿತು. ಏಳು ಪಂದ್ಯಗಳಲ್ಲಿ ಒಟ್ಟು ಹದಿನಾಲ್ಕು ಗೋಲುಗಳನ್ನು ಬರಮಾಡಿಕೊಂಡು ಆತಿಥೇಯರು ಆಟ ಮುಗಿಸಿದರು. ಅತಿಥಿದೇವೋ ಭವ ಎಂಬುದನ್ನು ಇಷ್ಟು ಅಕ್ಷರಶಃ ಪಾಲಿಸಿದ ಮನೆಯವರನ್ನು ನಾನು ಬೇರೆ ಕಾಣೆ. ಬಾಗಿಲು ತೆರೆದಿತ್ತೆಂದರೆ ಕಡಿಮೆಯಾದೀತು. ಬಂದವರ ಕಾಲಿಗೆ ತೊಡರೀತೆಂದು ಹೊಸ್ತಿಲನ್ನೂ ಕಿತ್ತಿಟ್ಟಿದ್ದರು.

ಹೀಗೆ ನಗುವುದು ಸುಲಭ. ಸರಿಯೇ ಎಂಬುದು ಪ್ರಶ್ನೆ.

ಕಾಫಿಯ ಮಿತ್ರರು ಸರಿಯೆಂದೇ ವಾದಿಸುತ್ತಾರೆ. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ವಾದವೂ ಅದೇ ಭಾಷೆಯಲ್ಲಿ. “ಹೆಸರೆಂಬುದು ಜನ ಕೊಟ್ಟ ಸಾಲ, ಸ್ವಾಮಿ. ಇಷ್ಟು ವರ್ಷ ಅದರಿಂದ ಬಾಳಿದರು. ಅಸಲು ಕೇಳಿದಾಗ ಕೈಯಾಡಿಸಿಬಿಟ್ಟರೆ ನಾವು ನಗಲೂ ಬಾರದೆ?” ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಪೊಳ್ಳು ಕೀರ್ತಿಯನ್ನು ಒಡೆಯಲು ನಗೆಗಿಂತ ಅಗ್ಗವಾದ, ರಕ್ತವಿಲ್ಲದ ಆಯುಧ ಮನುಷ್ಯನ ಕೈಗೆ ಸಿಕ್ಕಿಲ್ಲ. ಅಂತಃಪುರದ ಹೆಂಗಳೆಯರ ನಡುವೆ ಕುಳಿತು ಕೌರವರನ್ನೆಲ್ಲ ಒಬ್ಬನೇ ಗೆಲ್ಲುವೆನೆಂದು ಕೊಚ್ಚಿಕೊಂಡ ಉತ್ತರಕುಮಾರ, ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದನಷ್ಟೆ. ಗಮಕಿಗಳು ಆ ಭಾಗವನ್ನು ಓದುವಾಗ ನಗದೆ ಕುಳಿತ ಸಭೆ ನಮ್ಮ ನಾಡಿನಲ್ಲಿ ಇರಲಾರದು. ಆ ನಗೆಯಲ್ಲಿ ಪಾಪವಿಲ್ಲ.

ಆದರೆ ಉತ್ತರಕುಮಾರ ತನ್ನನ್ನು ತಾನೇ ಹೊಗಳಿಕೊಂಡವನು. ತಾನೇ ಬರೆದುಕೊಂಡ ಪತ್ರಕ್ಕೆ ತಾನೇ ಜವಾಬ್ದಾರ. ಬ್ರೆಜಿಲಿನ ಹಿಂಬದಿಯಲ್ಲಿ ನಿಂತಿದ್ದ ಆಟಗಾರರ ಸಾಲಪತ್ರವನ್ನು ಬರೆದವರು ಯಾರು? ದವಿದ್ ಲೂಯಿಸನನ್ನು, ರಕ್ಷಣೆಯ ಆಟಗಾರನಿಗೆ ಅಂದಿನವರೆಗೆ ಯಾರೂ ಕೊಟ್ಟಿರದ ಬೆಲೆ ತೆತ್ತು, ಪ್ಯಾರಿಸ್ಸಿನ ಕ್ಲಬ್ಬೊಂದು ಅದೇ ಬೇಸಿಗೆಯಲ್ಲಿ ಕೊಂಡಿತ್ತು. ಬೆಲೆ ಕಟ್ಟಿದವರು ಕೊಳ್ಳುವವರು; ಪತ್ರಿಕೆಗಳಲ್ಲಿ ಚಿತ್ರ ಹಾಕಿದವರು ಪತ್ರಕರ್ತರು; ಅದನ್ನು ನೋಡಿ ಬಾಯಿ ಚಪ್ಪರಿಸಿದವರು ನಾವು. ಒಂದು ತಂಡಕ್ಕೆ ಅತಿಯಾದ ಬೆಲೆ ಬಂತೆಂದು ನಾವು ಆಕ್ಷೇಪಿಸುವಾಗ ಆ ‘ಅತಿ’ ಎಲ್ಲಿಂದ ಬಂತೆಂದು ಕೇಳಿಕೊಳ್ಳುವುದಿಲ್ಲ. ಹೊಗಳಿಕೆ ಹೊನ್ನಶೂಲವೆಂಬ ಮಾತು ನಮ್ಮಲ್ಲಿ ಹಳೆಯದು. ಶೂಲ ಹೊನ್ನಿನದಾದ ಮಾತ್ರಕ್ಕೆ ಅದಕ್ಕೆ ಏರಿಸಿದವರ ಕೈ ಶುದ್ಧವಾಗುವುದಿಲ್ಲ.

ಇನ್ನೊಂದು ಮಾತು. ಸೋಲಿನ ನಗೆಯೆಲ್ಲ ಹೋಗಿ ಬೀಳುವುದು ಹಿಂದೆ ನಿಂತವರ ಮೇಲೆ. ರಕ್ಷಣೆಯ ಕೆಲಸವೇ ಅಂಥದು. ಗೋಲು ಹೊಡೆಯುವವನು ಒಂಬತ್ತು ಸಲ ತಪ್ಪಿ ಹತ್ತನೆಯ ಸಲ ಹೊಡೆದರೆ ವೀರ. ತಡೆಯುವವನು ಒಂಬತ್ತು ಸಲ ತಡೆದು ಹತ್ತನೆಯ ಸಲ ತಪ್ಪಿದರೆ ದ್ರೋಹಿ. ಈ ಪತ್ರಿಕೆಯ ಕರಡು ತಿದ್ದುವವರನ್ನೇ ನೋಡಿ. ಸಾವಿರ ಒತ್ತಕ್ಷರಗಳನ್ನು ಅವರು ಸರಿಯಾಗಿ ಕೂಡಿಸಿದ ದಿನ ಯಾವ ವಾಚಕರೂ ಸಂಪಾದಕರಿಗೆ ಕಾಗದ ಬರೆಯುವುದಿಲ್ಲ. ಒಂದು ‘ಳ’ಕಾರ ‘ಲ’ಕಾರವಾಗಲಿ, ಮೂರು ಕಾಗದ ಬರುತ್ತವೆ. ರೈಲ್ವೆ ಕೈಮರದವನು, ಅಣೆಕಟ್ಟಿನ ಕಾವಲುಗಾರ, ಆಸ್ಪತ್ರೆಯ ರಾತ್ರಿಪಾಳಿಯ ದಾದಿ, ಇವರೆಲ್ಲರ ಯಶಸ್ಸಿಗೆ ಒಂದೇ ಹೆಸರು: ಏನೂ ಆಗಲಿಲ್ಲ. ಆಗದೇ ಹೋದದ್ದನ್ನು ಎಣಿಸುವ ಅಭ್ಯಾಸ ನಮಗಿಲ್ಲ. ಆದುದರಿಂದ ಅವರ ಹೆಸರು ನಮಗೆ ಗೊತ್ತಾಗುವುದು ಏನಾದರೂ ಆದಾಗ ಮಾತ್ರ.

ಇದಕ್ಕೆ ಅದೇ ಬ್ರೆಜಿಲಿನಲ್ಲಿ ಹಳೆಯ ಸಾಕ್ಷಿಯೊಂದಿದೆ. 1950ರಲ್ಲಿ ವಿಶ್ವಕಪ್ ಮೊದಲ ಸಲ ಅಲ್ಲಿ ನಡೆಯಿತು. ಕೊನೆಯ ಸುತ್ತಿನಲ್ಲಿ ಬ್ರೆಜಿಲ್ ಸ್ವೀಡನ್ನನ್ನು ಸೋಲಿಸಿದ್ದು ಎಷ್ಟರಿಂದ ಗೊತ್ತೆ? ಏಳು ಒಂದರಿಂದ! ಸ್ಪೇನನ್ನು ಆರು ಒಂದರಿಂದ. ಜುಲೈ 16ರಂದು ಉರುಗ್ವೆಯ ಎದುರು ಸಮ ಮಾಡಿಕೊಂಡರೂ ಸಾಕಿತ್ತು. ರಿಯೋ ನಗರದ ಪತ್ರಿಕೆಯೊಂದು ಪಂದ್ಯಕ್ಕೆ ಮುಂಚೆಯೇ ತಂಡದ ಚಿತ್ರ ಹಾಕಿ ಇವರೇ ವಿಶ್ವವಿಜೇತರೆಂದು ಅಚ್ಚು ಮಾಡಿತು. ನಗರದ ಮೇಯರು ಮೈದಾನದಲ್ಲೇ ವಿಜಯದ ಭಾಷಣ ಮಾಡಿದರು. ಆಟ ಇನ್ನೂ ಆಗಬೇಕಿತ್ತು. ಎರಡು ಲಕ್ಷಕ್ಕೆ ಹತ್ತಿರದ ಜನ ಸೇರಿದ್ದ ಮರಕಾನ ಮೈದಾನದಲ್ಲಿ ಬ್ರೆಜಿಲ್ ಮೊದಲು ಗೋಲು ಹೊಡೆಯಿತು, ಉರುಗ್ವೆ ಸಮ ಮಾಡಿತು. ಎಪ್ಪತ್ತೊಂಬತ್ತನೆಯ ನಿಮಿಷದಲ್ಲಿ ಗಿಜ್ಜ ಬಲಬದಿಯಿಂದ ನುಗ್ಗಿ ಬಂದ. ಹಿಂದಿನ ಗೋಲಿನಂತೆ ಈ ಸಲವೂ ಚೆಂಡನ್ನು ನಡುವಿಗೆ ಕಳುಹಿಸುತ್ತಾನೆಂದು ಗೋಲ್‌ಕೀಪರ್ ಬರ್ಬೋಜ ಒಂದು ಹೆಜ್ಜೆ ಆ ಕಡೆ ಸರಿದ. ಗಿಜ್ಜ ನೇರವಾಗಿ ಹೊಡೆದ. ಕಂಬಕ್ಕೂ ಬರ್ಬೋಜನಿಗೂ ನಡುವೆ ಉಳಿದಿದ್ದ ಸಂದಿನಲ್ಲಿ ಚೆಂಡು ಒಳಗೆ ಹೋಯಿತು. ಎರಡು ಒಂದು.

ಆ ದಿನ ಬ್ರೆಜಿಲ್ ನಗಲಿಲ್ಲ, ಅತ್ತಿತು. ಆ ಅಳುವಿನಷ್ಟು ಕ್ರೂರವಾದ ನಗೆಯನ್ನು ನಾನು ಕೇಳಿಲ್ಲ. ದೇಶ ತನ್ನ ಕಣ್ಣೀರನ್ನೆಲ್ಲ ಬರ್ಬೋಜ, ಬಿಗೋಡೆ, ಜುವೆನಾಲ್ ಎಂಬ ಮೂವರ ತಲೆಯ ಮೇಲೆ ಸುರಿಯಿತು. ಮೂವರೂ ಹಿಂದೆ ನಿಂತು ಕಾದವರು, ಮೂವರೂ ಕರಿಯರು. ತಂಡದ ಬಿಳಿಯ ಅಂಗಿಯನ್ನೂ ಅಪಶಕುನವೆಂದು ಕಳಚಿ ಹಾಕಿದರು. ಇಂದು ಜಗತ್ತು ಬಲ್ಲ ಹಳದಿ ಅಂಗಿ 1953ರಲ್ಲಿ ಪತ್ರಿಕೆಯೊಂದು ನಡೆಸಿದ ಸ್ಪರ್ಧೆಯಿಂದ ಬಂದದ್ದು. ಅಂಗಿಯನ್ನು ಬದಲಾಯಿಸಬಹುದು, ಬರ್ಬೋಜ ತನ್ನ ಮೈಯನ್ನು ಎಲ್ಲಿ ಬದಲಾಯಿಸಬೇಕು? 1993ರಲ್ಲಿ ಆತ ರಾಷ್ಟ್ರೀಯ ತಂಡದ ತರಬೇತಿಯನ್ನು ನೋಡಲು ಹೋದಾಗ, ಅಪಶಕುನವಾದೀತೆಂದು ಒಳಗೆ ಬಿಡಲಿಲ್ಲ. ತನ್ನ ದೇಶದ ಕಾನೂನಿನಲ್ಲಿ ಅತಿ ಹೆಚ್ಚಿನ ಶಿಕ್ಷೆ ಮೂವತ್ತು ವರ್ಷ, ತಾನು ಮಾತ್ರ ಐವತ್ತು ವರ್ಷ ಅನುಭವಿಸಿದೆ ಎಂದು ಆತ ಮುದಿತನದಲ್ಲಿ ಹೇಳಿಕೊಳ್ಳುತ್ತಿದ್ದ. ಸತ್ತದ್ದು 2000ದಲ್ಲಿ.

ಈಗ ಎರಡು ಸೋಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು ಗೋಲಿನ ಸೋಲು ಒಬ್ಬ ಮನುಷ್ಯನ ಐವತ್ತು ವರ್ಷಗಳನ್ನು ತಿಂದಿತು. ಅದರ ಆರರಷ್ಟು ಅಂತರದ ಸೋಲು ಏನು ಮಾಡಿತು? ಬ್ರೆಜಿಲಿನವರು ಮೊದಲು ಅತ್ತರು, ಬೈದರು; ಒಬ್ಬಿಬ್ಬರ ಹೆಸರು ಹೆಚ್ಚು ಕೇಳಿಬಂದದ್ದೂ ನಿಜ. ಆದರೆ ಬೇಗನೆ ನಗಲಾರಂಭಿಸಿದರು. ಇಂದು ಅಲ್ಲಿ ಯಾರಿಗಾದರೂ ಕೆಟ್ಟ ಸುದ್ದಿಯ ಮೇಲೆ ಕೆಟ್ಟ ಸುದ್ದಿ ಬಂದರೆ ‘ಜರ್ಮನಿಯ ಗೋಲು’ ಎನ್ನುತ್ತಾರೆ. ದಿನಕ್ಕೊಂದು ಹೊಸ ಏಳು ಒಂದು ಎಂಬುದು ನಾಣ್ಣುಡಿಯೇ ಆಗಿಬಿಟ್ಟಿದೆ. ಸೋಲು ಆಡುಮಾತಿನಲ್ಲಿ ಕರಗಿ ಎಲ್ಲರ ಸೊತ್ತಾಯಿತು. ಅಂದು ಆಡಿದ ಮಾರ್ಸೆಲೊ, ಫೆರ್ನಾಂಡಿನ್ಯೊ ಇಬ್ಬರೂ 2018ರ ವಿಶ್ವಕಪ್ಪಿನಲ್ಲಿ ಮತ್ತೆ ಹಳದಿ ಅಂಗಿ ತೊಟ್ಟರು. ಬರ್ಬೋಜನೂ ಕೊನೆಗೆ ಬಿಡುಗಡೆಯಾದನೆಂದು ಅಲ್ಲಿಯ ಹಲವರು ಬರೆದರು, ಆತ ಸತ್ತ ಹದಿನಾಲ್ಕು ವರ್ಷಗಳ ಮೇಲೆ.

ಕಾರಣ ಸರಳವೆಂದು ನನಗೆ ತೋರುತ್ತದೆ. ಒಂದು ಗೋಲನ್ನು ಒಬ್ಬನ ಬೆನ್ನಿನ ಮೇಲೆ ಹೊರಿಸಬಹುದು. ಏಳು ಗೋಲುಗಳನ್ನು ಹೊರುವಷ್ಟು ಅಗಲವಾದ ಬೆನ್ನು ಯಾರಿಗೂ ಇಲ್ಲ. ಸೋಲು ಚಿಕ್ಕದಾದಾಗ, ಆ ಒಬ್ಬ ಇಲ್ಲದಿದ್ದರೆ ನಾವು ದೊಡ್ಡವರೇ ಎಂಬ ಭ್ರಮೆ ಉಳಿದುಕೊಳ್ಳುತ್ತದೆ. ಆ ಭ್ರಮೆಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಒಬ್ಬನನ್ನು ಬಲಿ ಕೊಡುತ್ತೇವೆ. ಏಳು ಒಂದು ಆ ಸೌಕರ್ಯವನ್ನು ಉಳಿಸಲಿಲ್ಲ. 2018ರಲ್ಲಿ ಬೆಲ್ಜಿಯಂ ಬ್ರೆಜಿಲನ್ನು ಹೊರದೂಡಿದ್ದು ಎರಡು ಒಂದರಿಂದ. ಅದರಲ್ಲಿ ಒಂದು, ಫೆರ್ನಾಂಡಿನ್ಯೊನ ಮೈಗೆ ತಗುಲಿ ಒಳಗೆ ಹೋದ ಸ್ವಂತ ಗೋಲು. ಏಳು ಗೋಲಿನ ರಾತ್ರಿಯನ್ನು ದಾಟಿ ಬಂದಿದ್ದ ಅದೇ ಮನುಷ್ಯನ ಮೇಲೆ, ಆತನ ಬಣ್ಣವನ್ನು ಹಿಡಿದು ಬೈಗುಳದ ಮಳೆ ಸುರಿಯಿತು. ದೇಶದ ಫುಟ್ಬಾಲ್ ಸಂಸ್ಥೆಯೇ ಅದನ್ನು ಖಂಡಿಸಬೇಕಾಯಿತು. ಸೋಲು ಚಿಕ್ಕದಾದೊಡನೆ ಜನರಿಗೆ ಮತ್ತೆ ಒಬ್ಬ ಬರ್ಬೋಜ ಬೇಕಾದ.

ಮಿತ್ರರು ಇಷ್ಟನ್ನು ಕೇಳಿ, “ಹಾಗಾದರೆ ನಗೆಯೇ ಔಷಧವೆಂದಾಯಿತಲ್ಲ, ನಾನು ಹೇಳಿದ್ದೂ ಅದೇ” ಎಂದರು. ಅಲ್ಲ. ನಗೆಯಲ್ಲಿ ಎರಡು ಜಾತಿಯುಂಟು. 1994ರ ವಿಶ್ವಕಪ್ಪಿಗೆ ಕೊಲಂಬಿಯ ತಂಡ ಹೊರಟಾಗ ಪೆಲೆಯಂಥವರೂ ಅದನ್ನು ಬಾಯಿತುಂಬ ಹೊಗಳಿದ್ದರು. ಅರ್ಜೆಂಟೀನವನ್ನು ಅದರ ನೆಲದಲ್ಲೇ ಐದು ಸೊನ್ನೆಯಿಂದ ಸೋಲಿಸಿ ಬಂದಿದ್ದ ತಂಡ ಅದು. ರೊಮೇನಿಯಕ್ಕೆ ಸೋತಿತು, ಜೂನ್ 22ರಂದು ಅಮೆರಿಕಕ್ಕೆ ಎರಡು ಒಂದರಿಂದ ಸೋತಿತು, ಗುಂಪಿನಲ್ಲಿ ಕೊನೆಯದಾಗಿ ಮನೆಗೆ ಮರಳಿತು. ಅಮೆರಿಕದ ಮೊದಲ ಗೋಲು, ಅಡ್ಡಬಂದ ಚೆಂಡನ್ನು ತಡೆಯಲು ಕಾಲು ಚಾಚಿದ ರಕ್ಷಕ ಆಂದ್ರೆಸ್ ಎಸ್ಕೋಬಾರನಿಂದಲೇ ಒಳಗೆ ಹೋಗಿತ್ತು. ಜುಲೈ 2ರಂದು ಮೆಡೆಯಿನ್ ನಗರದಲ್ಲಿ ಕೆಲವರು ಆ ಗೋಲನ್ನು ಎತ್ತಿ ಆತನನ್ನು ಹಂಗಿಸಿದರು. ಹಂಗಿಸಿದ ಮಾತು ಮುಗಿಯುವಷ್ಟರಲ್ಲಿ ಗುಂಡು ಹಾರಿತು. ಆತನಿಗೆ ಇಪ್ಪತ್ತೇಳು ವರ್ಷ. ಗುಂಡಿನ ಹಿಂದೆ ಬೇರೆ ಕಾರಣಗಳೂ ಇದ್ದಿರಬಹುದು. ಮೊದಲು ಬಂದದ್ದು ಮಾತ್ರ ಅಣಕ.

ಮಯಸಭೆಯಲ್ಲಿ ನೀರನ್ನು ನೆಲವೆಂದು ತಿಳಿದು ದುರ್ಯೋಧನ ಬಿದ್ದಾಗ ನಕ್ಕವರೂ ಎತ್ತರದಲ್ಲಿ, ಒಣಗಿದ ನೆಲದ ಮೇಲೆ ನಿಂತಿದ್ದರು. ಅಂಥ ನಗೆ ಎಷ್ಟು ದೂರ ಹೋಗುತ್ತದೆಂಬುದನ್ನು ಹದಿನೆಂಟು ಪರ್ವ ಓದಿದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಣ ನೆಲದ ಮೇಲೆ ನಿಂತು ನಗುವುದು ಒಂದು. ತಾನೂ ಒದ್ದೆಯಾಗಿ ನಗುವುದು ಇನ್ನೊಂದು. ಮೊದಲನೆಯದಕ್ಕೆ ಒಬ್ಬ ಗುರಿ ಬೇಕು. ಎರಡನೆಯದಕ್ಕೆ ಜೊತೆಗಾರರು ಸಾಕು.

ಆದುದರಿಂದ ದೊಡ್ಡವರು ಬಿದ್ದಾಗ ನಗಬಾರದೆಂದು ನಾನು ಹೇಳಲಾರೆ. ಹೊಗಳಿಕೆಯನ್ನು ನಗೋಣ, ಬೆಲೆ ಕಟ್ಟಿದ ಮಾರುಕಟ್ಟೆಯನ್ನು ನಗೋಣ, ಆಟಕ್ಕೆ ಮುಂಚೆಯೇ ವಿಜಯದ ಭಾಷಣ ಮಾಡಿದ ಮೇಯರನ್ನು ನಗೋಣ, ಆ ಭಾಷಣಕ್ಕೆ ಚಪ್ಪಾಳೆ ತಟ್ಟಿದ ಕೈಗಳಲ್ಲಿ ನಮ್ಮವೂ ಇದ್ದುವೆಂದು ಸೇರಿಸಿಕೊಂಡು ನಗೋಣ. ಕಂಬದ ಪಕ್ಕದಲ್ಲಿ ಒಂದು ಹೆಜ್ಜೆ ಆ ಕಡೆ ಸರಿದ ಮನುಷ್ಯನ ಹತ್ತಿರ ಬಂದಾಗ ಮಾತ್ರ ನಗೆ ಸ್ವಲ್ಪ ನಿಲ್ಲಲಿ. ಕೊಟ್ಟ ಸಾಲವನ್ನು ವಸೂಲು ಮಾಡುವ ಮೊದಲು ಪತ್ರದ ಮೇಲೆ ಸಹಿ ಯಾರದೆಂದು ನೋಡಿಕೊಳ್ಳುವುದು ಬ್ಯಾಂಕಿನವರಿಗೂ ಒಪ್ಪುವ ಧರ್ಮ.