ಹೆದೆ ಏರಿದಾಗ ಕಾಣುವ ಸೊಟ್ಟ



ಪ್ರವಾದಿ ಮುಹಮ್ಮದ್(ಸ) ಬಿಲ್ಲುವಿದ್ಯೆ ಕಲಿಯಲು ಪ್ರೋತ್ಸಾಹಿಸಿದ್ದರು. ಉಹುದ್‌ನಲ್ಲಿ ಅವರ ಬಳಿ ನಿಂತು ಬಾಣ ಬಿಟ್ಟ ಸಅದ್ ಬಿನ್ ಅಬೀ ವಕ್ಕಾಸ್(ರ) ನಮಗೆಲ್ಲ ಗೊತ್ತು. 1453ರಲ್ಲಿ ಇಸ್ತಾಂಬುಲ್ ಗೆದ್ದ ಸುಲ್ತಾನ್ ಎರಡನೇ ಮುಹಮ್ಮದ್, ಬಿಲ್ಲುಗಾರರಿಗೆಂದೇ ಅಲ್ಲೊಂದು ಬಯಲು ಬಿಟ್ಟುಕೊಟ್ಟರು. ಅದರ ಹೆಸರು ಓಕ್‌ಮೈದಾನಿ. ಓಕ್ ಎಂದರೆ ಬಾಣ. ಮೈದಾನ ನಮ್ಮ ಮೈದಾನವೇ.

ಆ ತುರ್ಕಿ ಬಿಲ್ಲು ಬರಿಯ ಮರದ್ದಲ್ಲ. ನಡುವೆ ಮರ, ಒಳಬದಿಗೆ ಕೋಣದ ಕೊಂಬು, ಹೊರಬದಿಗೆ ಪ್ರಾಣಿಯ ಸ್ನಾಯುವಿನ ನಾರು. ಎಲ್ಲವನ್ನೂ ಅಂಟು ಹಿಡಿದಿಡುತ್ತದೆ. ಹಿಡಿಕೆಯ ಮೇಲೊಂದು ತೋಳು, ಕೆಳಗೊಂದು ತೋಳು. ತುದಿಗಳು ಮುಂದಕ್ಕೆ ಬಾಗಿರುತ್ತವೆ. ಒಂದು ತೋಳು ತಿರುಚಿಕೊಂಡರೂ ಹೆದೆ ನಡುವೆ ಕೂರದೆ ಪಕ್ಕಕ್ಕೆ ಸರಿಯುತ್ತದೆ. ಹಾಗೆಯೇ ಎಳೆದರೆ ಹೆದೆ ಜಾರಿ ಬಿಲ್ಲೇ ಮುರಿದೀತು. ಹೆದೆ ಬಿಚ್ಚಿ ಇಟ್ಟಿರುವಾಗ ಮಾತ್ರ ಈ ಸೊಟ್ಟ ಸುಲಭಕ್ಕೆ ಕಾಣದು.

ಜುಮಾ ಸಾಲಿನಲ್ಲಿ ನಾವೂ ನೆಟ್ಟಗೇ ಇರುತ್ತೇವೆ. ಸಂಬಳ ತಡವಾದಾಗ, ಬಿಸಿಲಲ್ಲಿ ದುಡಿದು ಬಂದು ಬಾತ್‌ರೂಮಿಗೆ ಸಾಲು ನಿಂತಾಗ ಹೆದೆ ಏರುತ್ತದೆ. ರಮದಾನಿನ ಹಸಿವೂ ಹೆದೆಯೇ. ಅಸ್ರ್ ಬಳಿಕ ರೂಮಿನವರ ಮೇಲೆ ರೇಗುವ ನಾಲಿಗೆಯನ್ನು ಉಪವಾಸ ಸೊಟ್ಟ ಮಾಡಿದ್ದಲ್ಲ. ಇದ್ದುದನ್ನು ತೋರಿಸಿತು, ಅಷ್ಟೆ.

ತೋಳನ್ನು ತಿದ್ದಲು ಹದವಾದ ಬಿಸಿ ಬೇಕು. ಅತಿಯಾದರೆ ಅಂಟು ಸಡಿಲಗೊಂಡು ಪದರ ಬಿಡುತ್ತದೆ. (ಈಗಿನ ಫೈಬರ್‌ಗ್ಲಾಸ್ ಬಿಲ್ಲನ್ನೂ ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬಾರದು. ಇಲ್ಲಿನ ಬೇಸಿಗೆ ನಿಮಗೆ ಹೇಳಬೇಕೇ?) ಬೆಚ್ಚಗಾದ ತೋಳನ್ನು ಎದುರು ದಿಕ್ಕಿಗೆ ಮೆಲ್ಲನೆ, ಬೇಕಾದುದಕ್ಕಿಂತ ತುಸು ಹೆಚ್ಚೇ ತಿರುಗಿಸಿ, ತಣಿಯುವ ತನಕ ಹಿಡಿಯಬೇಕು. ಬಿಸಿ ಇಳಿಯುವ ಮೊದಲೇ ಕೈಬಿಟ್ಟರೆ ಮತ್ತೆ ಹಳೆಯ ಸೊಟ್ಟಕ್ಕೇ ಮರಳುತ್ತದೆ. ಒಂದೇ ಸಲಕ್ಕೆ ಸರಿಹೋಗುವುದು ಅಪರೂಪ.

ರಮದಾನ್ ಎಂಬ ಪದದ ಮೂಲದಲ್ಲೇ ಸುಡುವ ಬಿಸಿಯ ಅರ್ಥವಿದೆ. ಆ ಬಿಸಿಗೂ ಅಲ್ಲಾಹನು ಅಳತೆ ಇಟ್ಟಿದ್ದಾನೆ: ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ಅವಕಾಶವಿದೆ. ಸೈಟಿನಲ್ಲಿ ತಲೆಸುತ್ತಿ ಬೀಳುವಂತಾದಾಗಲೂ ನೀರು ಬೇಡವೆನ್ನುವುದು ತಕ್ವಾ ಅಲ್ಲ.

ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ: ತಿರುಚಿದ ತೋಳು ಒಂದು, ತಿದ್ದುವ ತೋಳು ಇನ್ನೊಂದು. “ಗಲ್ಫಿನಲ್ಲಿ ಬೆವರು ಸುರಿಸಿದವನು ನಾನು” ಎಂದು ತಂದೆಯ ಆಸ್ತಿಯಲ್ಲಿ ತಂಗಿಯ ಪಾಲನ್ನು ತಡೆಹಿಡಿದವರಿದ್ದಾರೆ. ಅವರೇ ಇಲ್ಲಿ ಇಫ್ತಾರ್‌ಗೆ ಖರ್ಜೂರದ ಪೆಟ್ಟಿಗೆ ತರುತ್ತಾರೆ. ಖರ್ಜೂರ ಒಳ್ಳೆಯದೇ. ಆದರೆ ಆ ಪಾಲನ್ನು ಅನ್ನಿಸಾ ಅಧ್ಯಾಯದಲ್ಲಿ ಅಲ್ಲಾಹನೇ ನಿಗದಿಪಡಿಸಿದ್ದಾನೆ. ಸದಕಾದಿಂದ ಅದು ಸಂದಾಯವಾಗದು. ಎದುರು ದಿಕ್ಕು ಎಂದರೆ ಪಾಲು ಕೊಡುವುದು, ಇಷ್ಟು ವರ್ಷ ತಡೆದುದಕ್ಕೆ ಕ್ಷಮೆ ಕೇಳುವುದು.

ತಣಿಯುವ ತನಕ ಹಿಡಿಯಲು ಈದ್ ಕಳೆದ ಮೇಲೆ ಶವ್ವಾಲಿನ ಆರು ಉಪವಾಸಗಳಿವೆ. ಫೋನಿಗೆ ಮಾತ್ರ ಶವ್ವಾಲ್ ಕಾಯಬೇಡಿ. ಇಂದು ಇಫ್ತಾರ್ ಮುಗಿಸಿ ತರಾವೀಹ್‌ಗೆ ಹೊರಡುವ ಮುನ್ನ ಸ್ವಲ್ಪ ಹೊತ್ತಿದೆ. ಊರಿನಲ್ಲಿ ತಂಗಿ ಇನ್ನೂ ಮಲಗಿರುವುದಿಲ್ಲ.