ಎಳ್ಳುನೀರಿಗೆ ಮೊದಲು

ಮೈ ಸಿಗದ ಸಾವಿಗೆ ಧರ್ಮಶಾಸ್ತ್ರ ಕಂಡುಕೊಂಡ ದಾರಿ ಮುತ್ತುಗದ ಎಲೆ. ದೇಶಾಂತರ ಹೋದವನ ಸುದ್ದಿ 12 ವರ್ಷ ಬಾರದಿದ್ದರೆ, ದರ್ಭೆಯಿಂದಲೋ ಮುತ್ತುಗದ ಎಲೆಯ ತೊಟ್ಟುಗಳಿಂದಲೋ ಒಂದು ಆಳಿನ ಆಕಾರ ಮಾಡಿ ಅದಕ್ಕೆ ಬೆಂಕಿ ಕೊಡಬೇಕು. ತೊಟ್ಟುಗಳು 360, ಮೂಳೆಗಳ ಲೆಕ್ಕಕ್ಕೆ ಅಷ್ಟು. ತಲೆಗಿಷ್ಟು, ಕೊರಳಿಗಿಷ್ಟು, ಎದೆಗಿಷ್ಟು ಎಂದು ಎಣಿಸಿ ಜೋಡಿಸುವ ಆ ಕೆಲಸದಲ್ಲಿ ಒಂದು ಹಟ ಕಾಣುತ್ತದೆ: ಮನುಷ್ಯ ಇಲ್ಲದಿದ್ದರೂ ಅವನ ಲೆಕ್ಕ ತಪ್ಪಬಾರದು. ಇನ್ನೂ ಸೋಜಿಗದ ವಿಧಿ ಇದರ ಮುಂದಿನದು. ಹೀಗೆ ಸುಟ್ಟು, ಹತ್ತು ಹನ್ನೊಂದು ಎಲ್ಲ ಮುಗಿಸಿದ ಮೇಲೆ ಆ ಮನುಷ್ಯ ಒಂದು ದಿನ ಬಾಗಿಲಿಗೆ ಬಂದು ನಿಂತರೆ? ಅವನನ್ನು ತುಪ್ಪದಲ್ಲಿ ಮುಳುಗಿಸಿ ತೆಗೆದು, ಮೀಯಿಸಿ, ಈಗ ತಾನೇ ಹುಟ್ಟಿದ ಕೂಸಿಗೆಂಬಂತೆ ಜಾತಕರ್ಮದಿಂದ ಮೊದಲುಮಾಡಿ ಎಲ್ಲ ಸಂಸ್ಕಾರಗಳನ್ನೂ ಮತ್ತೆ ಮಾಡಬೇಕು; ಅವನು ತನ್ನ ಹೆಂಡತಿಯನ್ನೇ ಇನ್ನೊಮ್ಮೆ ಮದುವೆಯಾಗಬೇಕು. ತಲೆ ನರೆತವನಿಗೆ ನಾಮಕರಣ ಮಾಡುವ ಪುರೋಹಿತರನ್ನು ನೆನೆದರೆ ನಗು ಬರಬಹುದು. ಆದರೆ ತಾನು ತಪ್ಪಿರಬಹುದೆಂದು ಶಾಸ್ತ್ರ ತಾನೇ ಒಪ್ಪಿ, ಬಾಗಿಲಿನ ಅಗಳಿ ಹಾಕದೆ ಬಿಟ್ಟಿರುವ ಜಾಗ ಇದು. ನಮ್ಮ ಮಾತಿನಲ್ಲಿ ‘ಎಳ್ಳುನೀರು ಬಿಡುವುದು’ ಎಂಬುದಕ್ಕೆ ಎರಡು ಅರ್ಥ. ಸತ್ತವರಿಗೆ ತರ್ಪಣ ಕೊಡುವುದು ಒಂದು. ಇನ್ನು ಆಗದು ಎಂದು ಆಸೆ ಬಿಡುವುದು ಇನ್ನೊಂದು. ಬಾರದ ಸಾಲಕ್ಕೂ ಎಳ್ಳುನೀರು ಬಿಡುತ್ತೇವೆ. ಹಾಗಾದರೆ ಋಣ ಸಲ್ಲಿಸುವ ಎಳ್ಳುನೀರು ಯಾವುದು, ಕೈತೊಳೆದುಕೊಳ್ಳುವ ಎಳ್ಳುನೀರು ಯಾವುದು ಎಂದು ತಿಳಿಯುವುದು ಹೇಗೆ? ಬಿಡುವ ಮೊದಲು ಹುಡುಕಿದೆವೋ ಇಲ್ಲವೋ ಎಂಬುದೊಂದೇ ಗುರುತು ಎಂಬುದು ನನ್ನ ವಾದ. ಹುಡುಕಾಟ ಸಂಸ್ಕಾರದ ಹೊರಗಿನ ಕೆಲಸವಲ್ಲ. ಅದರ ಮೊದಲ ಅಂಗ.

ಈ ಪ್ರಶ್ನೆ ಚೂಪಾಗಿ ಎದುರಾಗುವುದು ಕಡಲಲ್ಲಿ, ಅದರಲ್ಲೂ ವ್ಯಾಪಾರಿ ಹಡಗುಗಳಲ್ಲಿ. ಸೈನಿಕನ ಲೆಕ್ಕ ಅವನ ಪಡೆಯ ಹತ್ತಿರ ಇರುತ್ತದೆ. ಖಲಾಸಿಯಾದರೋ ಒಂದೊಂದು ಯಾನಕ್ಕೆ ಕರಾರಿಗೆ ಹೆಬ್ಬೆಟ್ಟೊತ್ತಿ ಹತ್ತಿದ ಆಳು. ಎರಡನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ವ್ಯಾಪಾರಿ ಹಡಗು ಟಾರ್ಪೆಡೊ ತಗುಲಿ ಮುಳುಗಿದರೆ ಅದು ಮುಳುಗಿದ ದಿನಕ್ಕೇ ಆಳುಗಳ ಸಂಬಳ ನಿಲ್ಲುತ್ತಿತ್ತು. ತೆಪ್ಪ ಹಿಡಿದು ಜೀವಂತ ತೇಲುತ್ತಿದ್ದವನಿಗೂ ಅಷ್ಟೇ. 1941ರಲ್ಲಿ ಆ ಪದ್ಧತಿ ಹೋಯಿತು. ಯುದ್ಧ ಶುರುವಾಗುವ ಹೊತ್ತಿಗೆ ಆ ಹಡಗುಗಳ ಆಳುಗಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೊಬ್ಬ ನಮ್ಮ ಉಪಖಂಡದವನು: ಸಿಲ್ಹೆಟ್, ಚಿತ್ತಗಾಂವ್, ರತ್ನಾಗಿರಿ, ಗೋವಾ, ಕರಾವಳಿಯುದ್ದಕ್ಕೂ ನಮ್ಮ ಕಡೆಯವರೂ. ದಾಖಲೆಗಳು ಅವರನ್ನೆಲ್ಲ ‘ಲಸ್ಕರ್’ ಎಂಬ ಒಂದೇ ಪದದಲ್ಲಿ ಕಟ್ಟುತ್ತವೆ. ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ಆ ಯುದ್ಧದಲ್ಲಿ ಕಡಲೇ ಗೋರಿಯಾದ ಸುಮಾರು 24,000 ನಾವಿಕರ ಹೆಸರಿದೆ; ಕಂಚಿನ ಫಲಕದಲ್ಲಿ ಒಂದೊಂದು ಹಡಗಿನ ಹೆಸರು, ಅದರಡಿ ಅದರ ಜನ, ಜೊತೆಗಿದ್ದವರು ಸತ್ತ ಮೇಲೂ ಜೊತೆಯಲ್ಲೇ ಇರುವ ಹಾಗೆ. ಭಾರತದ ಖಲಾಸಿಗಳಲ್ಲಿ 6,000ಕ್ಕೂ ಮಿಕ್ಕಿ ಹೆಸರುಗಳು ಅಲ್ಲಿಲ್ಲ. ಮುಂಬೈನಲ್ಲಿ, ಮಸೀದಿ ಬಂದರಿನ ಹತ್ತಿರದ ನಾವಿಕರ ವಸತಿಗೃಹದಲ್ಲಿ ಇಟ್ಟಿರುವ ಪುಸ್ತಕವೊಂದರಲ್ಲಿವೆ. ಕೋಲ್ಕತ್ತಾದಲ್ಲಿ ಹೂಗ್ಲಿ ದಡದ ಮೇಲೆ 1924ರಲ್ಲಿ ಎದ್ದ ಎತ್ತರದ ಕಂಬ ಮೊದಲ ಮಹಾಯುದ್ಧದಲ್ಲಿ ಮಡಿದ ಬಂಗಾಳ, ಅಸ್ಸಾಮಿನ 896 ಲಸ್ಕರರಿಗಾಗಿ. ನೆನಪಿನಲ್ಲಿ ಮೊದಲು ಉಳಿಯುವುದು ಸಂಖ್ಯೆಯೇ.

ಹುಡುಕುವುದು ಎಂದರೆ ಏನು ಎಂಬುದನ್ನು ಹತ್ತಿರದಿಂದ ನೋಡಬೇಕು. ಇಲ್ಲವಾದರೆ ಈ ಮಾತೆಲ್ಲ ಬರಿಯ ಭಾವುಕತೆಯಾಗುತ್ತದೆ. 1918ರಿಂದ 1921ರವರೆಗೆ ಬ್ರಿಟಿಷ್ ಸರಕಾರ ನಾವಿಕರಿಗೆಂದು ಮಾಡಿಟ್ಟ ಕಾರ್ಡುಗಳಿವೆ. ಅಂಗೈಯಗಲದ ರಟ್ಟು, ಹುಟ್ಟಿದ ಊರು, ಕಣ್ಣಿನ ಬಣ್ಣ, ಮೈಮೇಲಿನ ಹಚ್ಚೆ, ಹಿಂದೆ ಒಂದು ಫೋಟೊ. ಪ್ರತಿ ನಾವಿಕನ ಕೈಲೂ ಒಂದು ಸೇವಾಪುಸ್ತಕ; ಹತ್ತಿದ ದಿನ, ಇಳಿದ ದಿನ, ಹಡಗಿನ ಹೆಸರು, ಸಂಖ್ಯೆ, ಕೊನೆಯಲ್ಲಿ ನಡತೆಗೆ ‘ವೆರಿ ಗುಡ್’ ಎಂಬ ಮುದ್ರೆ. ಕಪ್ತಾನನಿಗೆ ಮನಸ್ಸು ಬಾರದಿದ್ದರೆ ‘ಹೇಳಲು ಒಲ್ಲೆ’ ಎಂಬರ್ಥದ ಇನ್ನೊಂದು ಮುದ್ರೆ. ಬೈಗುಳಕ್ಕಿಂತ ಕೆಟ್ಟದ್ದು ಅದು, ಮುಂದಿನ ಕೆಲಸ ಸಿಗುವುದೇ ಕಷ್ಟ. ಇವಲ್ಲದೆ ಪ್ರತಿ ಯಾನದ ಆಳುಗಳ ಪಟ್ಟಿ. ಅವುಗಳಲ್ಲಿ ಬಹುಪಾಲು ಇಂದು ಇರುವುದು ಬ್ರಿಟನ್ನಿನಲ್ಲೂ ಅಲ್ಲ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಒಂದು ವಿಶ್ವವಿದ್ಯಾಲಯದಲ್ಲಿ. 1915ರ ಒಂದೇ ವರ್ಷದ ಪಟ್ಟಿಗಳನ್ನು ಸ್ವಯಂಸೇವಕರು ಕೂತು ನಕಲು ಮಾಡಿದಾಗ ಏಳೂವರೆ ಲಕ್ಷಕ್ಕೂ ಹೆಚ್ಚು ಹೆಸರುಗಳು ಮೇಲೆದ್ದವು. ಆದರೆ ನಮ್ಮವರ ಹೆಸರು ಹಿಡಿಯುವುದು ಸುಲಭವಲ್ಲ. ಊರಿನಿಂದ ಆಳುಗಳನ್ನು ಕೂಡಿಸಿ ತರುತ್ತಿದ್ದವನು ಸಾರಂಗ; ಬಂದರಿನ ಕಚೇರಿಯಲ್ಲಿ ಹೇಳಿದ್ದನ್ನು ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿಕೊಂಡ. ಒಂದೇ ಹೆಸರು ಮೂರು ಯಾನದಲ್ಲಿ ಮೂರು ಬಗೆ. ಗೋತ್ರ, ಮನೆತನ, ಊರಿನ ನಿಜವಾದ ಉಚ್ಚಾರ ಯಾವುದೂ ಉಳಿಯಲಿಲ್ಲ. ಹೆಸರು ಗೋತ್ರ ಹೇಳಿಯೇ ನೀರು ಬಿಡಬೇಕೆನ್ನುವ ವಿಧಿಗೂ ಈ ಗುಮಾಸ್ತನ ಕಿವಿಗೂ ಇರುವ ದೂರವೇ ಹುಡುಕುವವನು ನಡೆಯಬೇಕಾದ ದಾರಿ.

ಇಷ್ಟು ಕಷ್ಟ ಏಕೆ, ಅವಧಿ ಮುಗಿದರೆ ಮುಗಿಯಿತಲ್ಲ ಎನ್ನಬಹುದು. 1872ರ ಸಾಕ್ಷ್ಯ ಕಾಯಿದೆಯ 108ನೆಯ ಕಲಮು ಏಳು ವರ್ಷ ಹೇಳಿತು. ಕಾಯಿದೆ ಹೊಸದಾದರೂ ಆ ಏಳು ಹಾಗೇ ಉಳಿದಿದೆ. ಗಂಡ ನಾಲ್ಕು ವರ್ಷ ನಾಪತ್ತೆಯಾದರೆ ಮುಸ್ಲಿಂ ಹೆಣ್ಣಿಗೆ ಬಿಡುಗಡೆ ಕೇಳುವ ಹಕ್ಕನ್ನು 1939ರ ಕಾಯಿದೆ ಕೊಟ್ಟಿತು. ಇವೆಲ್ಲ ಬೇಕೇ ಬೇಕು. ಎಳೆಯ ಹೆಂಗಸನ್ನು ಮುತ್ತೈದೆಯೂ ಅಲ್ಲದೆ ವಿಧವೆಯೂ ಅಲ್ಲದೆ ಜೀವಮಾನವಿಡೀ ಕೂರಿಸುವುದು ಧರ್ಮವಲ್ಲ. ಆದರೆ ಈ ಕಲಮುಗಳ ಮಾತನ್ನು ಸರಿಯಾಗಿ ಓದಿ: ಅವು ಆ ಮನುಷ್ಯ ಸತ್ತ ಎನ್ನುವುದಿಲ್ಲ. ಬದುಕಿದ್ದಾನೆ ಎನ್ನುವವನು ಇನ್ನು ರುಜುವಾತು ತರಲಿ ಎನ್ನುತ್ತವೆ, ಅಷ್ಟೆ. ಹೊರೆ ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹೋಯಿತು. ಹೊಲ, ಮನೆ, ಮದುವೆಯ ತೀರ್ಮಾನಕ್ಕೆ ಅಷ್ಟು ಸಾಕು. ಅವನಿಗೆ ನಾವು ಕೊಡಬೇಕಾದದ್ದು ತೀರಿತು ಎಂಬುದು ಅದರಿಂದ ಬರುವುದಿಲ್ಲ.

ದೊಡ್ಡ ಆಕ್ಷೇಪ ವೇದಾಂತದ್ದು. ಗೀತೆಯ ಎರಡನೆಯ ಅಧ್ಯಾಯಕ್ಕೆ ದೇಹ ಕಳಚಿಟ್ಟ ಬಟ್ಟೆ. ಹೆಸರು ರೂಪ ಎರಡೂ ನೀರ ಮೇಲಿನ ಗುಳ್ಳೆ. ಗುಳ್ಳೆಯ ವಿಳಾಸ ಹುಡುಕುವುದು ಮೋಹವಲ್ಲವೇ? ಬೌದ್ಧರು ಇನ್ನೂ ಮುಂದೆ ಹೋಗಿ, ಹುಡುಕಲು ಅಲ್ಲಿ ಒಬ್ಬ ಎಂಬುವನೇ ಇಲ್ಲ ಎನ್ನುತ್ತಾರೆ. ಮಿಲಿಂದರಾಜನ ಮುಂದೆ ನಾಗಸೇನ ರಥದ ಗಾಲಿ, ಅಚ್ಚು, ನೊಗ ಒಂದೊಂದನ್ನೇ ತೋರಿಸಿ ರಥ ಎಲ್ಲಿದೆ ಎಂದು ಕೇಳಿದ. ಹಡಗಿಗೆ ಇದು ರಥಕ್ಕಿಂತ ಚೆನ್ನಾಗಿ ಹೊಂದುತ್ತದೆ. ಮಾಲೀಕ ಬದಲಾದರೆ ಹಡಗಿನ ಹೆಸರು ಬದಲಾಗುತ್ತದೆ, ಬಾವುಟ ಬದಲಾಗುತ್ತದೆ, ತಗಡು ಯಂತ್ರಗಳೂ ಬದಲಾಗುತ್ತವೆ. ಹಳೆಯ ಹಡಗು ಹುಡುಕುವವರು ಮೊದಲು ಎಡವುವುದೇ ಇಲ್ಲಿ. ಆದರೆ 1855ರಿಂದ ಬ್ರಿಟಿಷ್ ನೋಂದಣಿಯ ಪ್ರತಿ ಹಡಗಿಗೂ ಒಂದು ಸಂಖ್ಯೆ ಕೊಟ್ಟು ಮುಖ್ಯ ತೊಲೆಯಲ್ಲಿ ಕೊರೆಯುತ್ತಿದ್ದರು. ಹೆಸರು ಎಷ್ಟು ಸಲ ಬದಲಾದರೂ ಅದು ಬದಲಾಗದು. 1987ರಿಂದ ಬಂದ ಏಳಂಕಿಯ ಅಂತರರಾಷ್ಟ್ರೀಯ ಸಂಖ್ಯೆ ಬಾವುಟ ಬದಲಾದರೂ ಗುಜರಿಗೆ ಒಡೆಯುವವರೆಗೂ ಹಡಗಿನ ಬೆನ್ನು ಬಿಡದು. ಆ ಸಂಖ್ಯೆ ಹಡಗಿನ ಆತ್ಮವೇ? ಅಲ್ಲ. ಸಾಲ, ವಿಮೆ, ಅಪಘಾತದ ಹೊಣೆ ಯಾರ ಮೇಲೆ ಎಂದು ಹಿಡಿಯಲು ಅದು ಬೇಕಾಯಿತು. ನಾಗಸೇನ ಕೂಡ ಇದನ್ನು ಬಲ್ಲವನು. ಮಾವಿನ ಹಣ್ಣು ಕದ್ದವನು ನೆಟ್ಟ ಮಾವೇ ಬೇರೆ, ನಾನು ಕದ್ದ ಮಾವೇ ಬೇರೆ ಎಂದು ವಾದಿಸಿದರೆ ತಪ್ಪಿಸಿಕೊಳ್ಳಬಲ್ಲನೇ ಎಂದು ಅದೇ ಸಂವಾದದಲ್ಲಿ ರಾಜನನ್ನು ಕೇಳುತ್ತಾನೆ. ನಿತ್ಯವಾದದ್ದು ಇಲ್ಲದಿದ್ದರೂ ಹೊಣೆಯ ಎಳೆ ಕಡಿಯುವುದಿಲ್ಲ. ಗೀತೆ ಅಳಬೇಡ ಎಂದಿತು, ವಿಚಾರಿಸಬೇಡ ಎನ್ನಲಿಲ್ಲ. ಆ ಉಪದೇಶ ಹುಟ್ಟಿದ ಯುದ್ಧ ಮುಗಿದ ಮೇಲೆ ಸ್ತ್ರೀಪರ್ವದಲ್ಲಿ ಧೃತರಾಷ್ಟ್ರ ಕೇಳುವ ಒಂದು ಪ್ರಶ್ನೆ ಸತ್ತವರೆಷ್ಟು ಎಂಬುದು. ಯುಧಿಷ್ಠಿರ ಕೋಟಿಗಳಲ್ಲಿ ಒಂದು ಸಂಖ್ಯೆ ಹೇಳುತ್ತಾನೆ. ಅದು ಕಾವ್ಯದ ಸಂಖ್ಯೆ, ಇರಲಿ. ಆಮೇಲೆ ಕಣ್ಣಿಗೆ ಬೀಳದವರನ್ನು ಬೇರೆಯಾಗಿ ಎಣಿಸುತ್ತಾನೆ, ಬಿಡಿ ಐದರವರೆಗೂ. ಅವರಿಗೆ ಅಲ್ಲಿ ಬಳಸಿರುವ ಪದ ‘ಅಲಕ್ಷ್ಯ’. ಅವರು ಕಾಣದವರು, ಲಕ್ಷ್ಯಕ್ಕೆ ಸಿಗದವರು. ಕನ್ನಡಕ್ಕೆ ಬರುವಷ್ಟರಲ್ಲಿ ಅದೇ ಪದ ಕಡೆಗಣಿಸುವವರ ತಪ್ಪಿನ ಹೆಸರಾಗಿದೆ. ಒಂದು ಪದ ಹೀಗೆ ಸತ್ತವರ ಕಡೆಯಿಂದ ನಮ್ಮ ಕಡೆಗೆ ಬೆರಳು ತಿರುಗಿಸಿದ್ದು ಸುಮ್ಮನೆ ಅಲ್ಲ ಅನಿಸುತ್ತದೆ.

ಇನ್ನೊಂದು ಆಕ್ಷೇಪ ಭಕ್ತರದು. ಹೆಸರು ದೇವರಿಗೆ ಗೊತ್ತು. ನವೆಂಬರ್ 2ರಂದು ಮಂಗಳೂರಿನ ಇಗರ್ಜಿಗಳಲ್ಲಿ ಎಲ್ಲ ಮೃತರಿಗಾಗಿ ಪ್ರಾರ್ಥನೆ ನಡೆಯುತ್ತದೆ, ಮಹಾಲಯದಲ್ಲಿ ಬಂಧುಗಳಿಲ್ಲದವರಿಗೂ ಒಂದು ಬೊಗಸೆ ಇದೆ, ಸಾಲದೇ? ಸಾಲದು. ಗೊತ್ತಿಲ್ಲದವರಿಗಾಗಿ ಇರುವ ಬೊಗಸೆ ನಮ್ಮ ತಿಳಿವಳಿಕೆ ಮುಗಿಯುವ ಕಡೆ ಶುರುವಾಗಬೇಕು, ಸೋಮಾರಿತನ ಶುರುವಾಗುವ ಕಡೆ ಅಲ್ಲ. ಭಟ್ಕಳದ ನವಾಯತರೂ ದಕ್ಷಿಣ ಕನ್ನಡದ ಬ್ಯಾರಿಗಳೂ ಅನುಸರಿಸುವ ಶಾಫಿ ಪಂಥದಲ್ಲಿ ಎದುರಿಗಿಲ್ಲದ ಮೃತನಿಗೂ ಜನಾಜಾ ನಮಾಜು ಮಾಡಬಹುದು. ಕೆಂಪು ಸಮುದ್ರದಾಚೆ ತೀರಿಕೊಂಡ ಅಬಿಸೀನಿಯದ ದೊರೆಗಾಗಿ ಪ್ರವಾದಿಗಳು ಮಾಡಿದ ನಮಾಜು ಅದಕ್ಕೆ ಆಧಾರ. ಹನಫಿಗಳು ಇದನ್ನು ಒಪ್ಪುವುದಿಲ್ಲ, ಅದು ಆ ಒಂದು ಸಂದರ್ಭಕ್ಕೆ ಮಾತ್ರ ಎನ್ನುತ್ತಾರೆ. ನಮ್ಮ ವಾದಕ್ಕೆ ಬೇಕಾದದ್ದು ಆ ಜಗಳವಲ್ಲ. ಮೈ ಎದುರಿಗಿಲ್ಲದಿದ್ದರೂ ಆದೀತು, ಸತ್ತ ಸುದ್ದಿ ಮಾತ್ರ ಖಚಿತವಾಗಿರಬೇಕು. ಅಂದರೆ ನಮಾಜಿಗೂ ಮೊದಲು ಯಾರೋ ಒಬ್ಬ ಬಂದರಿನ ಕಚೇರಿಗೆ ಹೋಗಿ ಕೇಳಿರಬೇಕು.

ನನ್ನನ್ನು ನಿಜವಾಗಿ ಕಾಡುವ ಆಕ್ಷೇಪ ಇನ್ನೊಂದಿದೆ: ಕಾಣೆಯಾದವನಿಗೆ ಕಾಣೆಯಾಗುವುದೇ ಬೇಕಿದ್ದರೆ? ಆಳುಗಳ ಪಟ್ಟಿಯಲ್ಲಿ ಎಷ್ಟೋ ಹೆಸರುಗಳ ಮುಂದೆ ‘ಹಡಗು ಬಿಟ್ಟು ಓಡಿದವ’ ಎಂಬರ್ಥದ ಷರಾ ಇದೆ. ಎಂಜಿನ್ ಕೋಣೆಯ ಬೇಗೆ ತಾಳದೆ ಇಳಿದುಹೋದ ಸಿಲ್ಹೆಟ್ಟಿಗರು ಲಂಡನ್ನಿನ ಪೂರ್ವ ಭಾಗದಲ್ಲಿ ಊಟದ ಅಂಗಡಿ ಇಟ್ಟರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಆಫ್ರಿಕನ್ ಅಮೆರಿಕನ್, ಪೋರ್ಟೊರಿಕೊ ಮೂಲದ ಹೆಂಗಸರನ್ನು ಮದುವೆಯಾಗಿ ಬೇರೆಯೇ ಸಂಸಾರ ಹೂಡಿದರು. ಅಂಥವನ ಬೆನ್ನು ಹತ್ತಲು ಯಾರಿಗೆ ಹಕ್ಕು? ಸಂನ್ಯಾಸಿಯ ನಿದರ್ಶನ ಕೊಡಬಹುದು: ಅವನು ತನ್ನ ಶ್ರಾದ್ಧ ತಾನೇ ಮಾಡಿಕೊಂಡು ಪೂರ್ವಾಶ್ರಮದ ಹೆಸರನ್ನು ನೀರಿಗೆ ಬಿಟ್ಟವನು, ಮನೆಯವರು ಕರೆಯುವ ಹಾಗಿಲ್ಲ. ಆದರೆ ಸಂನ್ಯಾಸಿ ಹೇಳಿ ಹೋಗುತ್ತಾನೆ. ಓಡಿದವನು ಹೇಳದೆ ಹೋದ. ಹೇಳಿ ಹೋಗದವನು ಹಿಂದೆ ಬಿಟ್ಟದ್ದು ಒಂದು ಪ್ರಶ್ನೆಯನ್ನು, ಅದನ್ನು ಕೇಳುವುದು ಹಿಂದೆ ಉಳಿದವರ ಹಕ್ಕು. ಇಲ್ಲಿ ನಾನೊಂದು ಗೆರೆ ಎಳೆಯುತ್ತೇನೆ: ಇದ್ದಾನೋ ಇಲ್ಲವೋ ಎಂದು ಕೇಳಬಹುದು, ಎಲ್ಲಿದ್ದಾನೆ ಎಂಬುದು ಅವನಾಗಿ ಹೇಳಬೇಕಾದ ಮಾತು. ಗೆರೆ ಬಲು ಸಣ್ಣದು, ಒಪ್ಪುತ್ತೇನೆ. ಅವನು ಸತ್ತು ದಶಕಗಳಾಗಿದ್ದರೆ, ಆ ಕಡೆಯ ಮಕ್ಕಳೇ ಅಪ್ಪನ ಊರು ಕೇಳಿಕೊಂಡು ಬಂದರೆ, ಗೆರೆ ಅಳಿಸಿಹೋಗುತ್ತದೆ.

ಅಷ್ಟು ಹಳೆಯದಕ್ಕೆ ಈಗ ಯಾರು ಖರ್ಚು ಮಾಡುತ್ತಾರೆ ಎನ್ನುವವರಿಗೆ ‘ತಿಲಾವಾ’ ಹಡಗಿನ ಕತೆ ಇದೆ. 1942ರ ನವೆಂಬರಿನಲ್ಲಿ ಮುಂಬೈಯಿಂದ ಪೂರ್ವ ಆಫ್ರಿಕಾಕ್ಕೆ 958 ಜನರನ್ನು ಹೊತ್ತು ಹೊರಟ ಈ ಹಡಗನ್ನು ನವೆಂಬರ್ 23ರಂದು ಜಪಾನಿನ ಜಲಾಂತರ್ಗಾಮಿ ಮುಳುಗಿಸಿತು. 280 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಭಾರತೀಯರು. ಹಡಗಿನಲ್ಲಿ ದಕ್ಷಿಣ ಆಫ್ರಿಕಾ ನಾಣ್ಯ ಮಾಡಲು ತರಿಸಿಕೊಂಡಿದ್ದ ಬೆಳ್ಳಿಯೂ ಇತ್ತು. 2017ರಲ್ಲಿ ಖಾಸಗಿ ಕಂಪನಿಯೊಂದು ಸುಮಾರು ಎರಡೂವರೆ ಕಿಲೋಮೀಟರ್ ಆಳಕ್ಕೆ ಯಂತ್ರ ಇಳಿಸಿ 2,364 ಬೆಳ್ಳಿ ಗಟ್ಟಿಗಳನ್ನು ಎತ್ತಿತು. ಎತ್ತಿದ್ದಕ್ಕೆ ಕಂಪನಿ ಪ್ರತಿಫಲ ಕೇಳಿದ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 2024ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಪರವಾಗಿ ತೀರ್ಪಾಯಿತು. ಬೆಳ್ಳಿಯ ವಾರಸುದಾರಿಕೆಗೆ 12 ವರ್ಷದ ಅವಧಿಯನ್ನಾಗಲಿ ಏಳು ವರ್ಷದ್ದನ್ನಾಗಲಿ ಯಾರೂ ನೆನಪಿಸಲಿಲ್ಲ. ಎಪ್ಪತ್ತೈದು ವರ್ಷದ ಮೇಲೂ ಗಟ್ಟಿ ಗಟ್ಟಿಗೆ ಲೆಕ್ಕ ಸಿಕ್ಕಿತು. ಹಳೆಯದು ಎಂಬುದು ಅಡ್ಡಿಯಾಗುವುದು ಮನುಷ್ಯರ ವಿಷಯಕ್ಕೆ ಬಂದಾಗ.

ರಕ್ತಸಂಬಂಧವಿಲ್ಲದ ಹಡಗಿನ ಜೊತೆಗಾರನಿಗೆ ಈ ಋಣದಲ್ಲಿ ಏನು ಪಾಲು ಎಂದು ಕೇಳಬಹುದು. ಪಾಲಿದೆ. ಸರ್ವಪಿತೃ ತರ್ಪಣದ ಸಾಲಿನಲ್ಲಿ ತಂದೆ ತಾತಂದಿರು ಮುಗಿದ ಮೇಲೆ ಗುರು, ಶಿಷ್ಯ, ಸಖ ಬರುತ್ತಾರೆ. ಒಂದೇ ಅಟ್ಟಣಿಗೆಯಲ್ಲಿ ವರ್ಷಗಟ್ಟಲೆ ಮಲಗೆದ್ದವನು ಕೊನೆಯ ಗಳಿಗೆಯನ್ನು ಕಂಡವನೂ ಆಗಿರುವುದರಿಂದ, ಮನೆಯವರ ಹತ್ತಿರ ಇಲ್ಲದ್ದು ಅವನ ಹತ್ತಿರ ಇರುತ್ತದೆ. ಅದನ್ನು ಹೇಳದೆ ಉಳಿದರೆ ಏನಾಗುತ್ತದೆಂಬುದಕ್ಕೆ ಕುಂತಿಯಿದ್ದಾಳೆ. ಗಂಗೆಯ ದಡದಲ್ಲಿ ಎಲ್ಲರಿಗೂ ನೀರು ಬಿಡುತ್ತಿರುವಾಗ, ಕರ್ಣನಿಗೂ ಬಿಡಿ, ಅವನು ನಿಮ್ಮ ಹಿರಿಯಣ್ಣ ಎಂದು ಬಾಯಿಬಿಟ್ಟಳು. ಯುಧಿಷ್ಠಿರನಿಗೆ ಮಕ್ಕಳು ಸತ್ತದ್ದಕ್ಕಿಂತ ಹೆಚ್ಚು ಸಂಕಟವಾಯಿತು. ತಿಳಿಯದಿದ್ದರೇ ಚೆನ್ನಾಗಿತ್ತು ಎಂದು ಮಾತ್ರ ಅವನು ಹೇಳಲಿಲ್ಲ. ಮೊದಲೇ ಏಕೆ ಹೇಳಲಿಲ್ಲ ಎಂದು ತಾಯಿಯ ಮೇಲೆ ಸಿಟ್ಟಾದ. ಬರಿ ನೀರು ಬಿಟ್ಟು ಎದ್ದೂ ಬರಲಿಲ್ಲ. ಕರ್ಣನ ಹೆಂಡಿರನ್ನು, ಮನೆಯವರನ್ನು ಅಲ್ಲಿಗೇ ಕರೆಸಿಕೊಂಡ. ಅವರೊಡನೆ ನಿಂತು ಕ್ರಿಯೆ ಮುಗಿಸಿದ ಮೇಲೆಯೇ ಗಂಗೆಯಿಂದ ದಡಕ್ಕೆ ಹತ್ತಿದ.