ರಿಪೇರಿ ಕೈಪಿಡಿ ಮತ್ತು ಶಬ್ದಪ್ರಮಾಣ

ಮನೆಯಲ್ಲೇ ಗಾಡಿ ರಿಪೇರಿ ಮಾಡಿಕೊಳ್ಳುವವರಿಗೆ ಅಚ್ಚಾದ ಕೈಪಿಡಿ ಒಳ್ಳೆಯದೋ, ಮೊಬೈಲಿನಲ್ಲಿ ತೆರೆಯುವ ಪಿಡಿಎಫ್ ಒಳ್ಳೆಯದೋ ಎಂಬುದು ಮೇಲ್ನೋಟಕ್ಕೆ ಬರೀ ಅನುಕೂಲದ ಪ್ರಶ್ನೆ. ಒಳಹೊಕ್ಕು ನೋಡಿದರೆ ಭಾರತೀಯ ದರ್ಶನಗಳು ಬಹುಕಾಲ ಚರ್ಚಿಸಿದ ಪ್ರಶ್ನೆಯೇ ಅದರಲ್ಲಿದೆ: ತಾನು ಕಣ್ಣಾರೆ ಕಾಣದ ವಿಷಯದಲ್ಲಿ ಮನುಷ್ಯ ಇನ್ನೊಬ್ಬರ ಮಾತನ್ನು ಯಾವ ಆಧಾರದ ಮೇಲೆ ನಂಬಬೇಕು? ಇಂಜಿನ್ನಿನ ಒಳಗೆ ಏನು ಎಲ್ಲಿದೆ ಎಂಬುದು ಕವರ್ ಬಿಚ್ಚುವವರೆಗೆ ಕಾಣುವುದಿಲ್ಲ. ಬಿಚ್ಚುವ ಮೊದಲೇ ಅದನ್ನು ಕೈಪಿಡಿ ಹೇಳುತ್ತದೆ. ಆ ಮಾತನ್ನು ನಂಬಿ ಸ್ಪ್ಯಾನರ್ ಹಿಡಿಯುವವರು ಶಬ್ದಪ್ರಮಾಣವನ್ನು, ಅಂದರೆ ನಂಬಬಹುದಾದವರ ಮಾತೂ ಅರಿವಿನ ಸಾಧನ ಎಂಬುದನ್ನು, ಒಪ್ಪಿದಂತೆಯೇ.

ದಕ್ಷಿಣ ಬೆಂಗಳೂರಿನಲ್ಲಿ ಈ ಶಾಸ್ತ್ರವೂ ಈ ಕಸುಬೂ ನೆರೆಹೊರೆಯಲ್ಲೇ ಇವೆ. ವಿಶ್ವೇಶತೀರ್ಥರು 1956ರಲ್ಲಿ ಸ್ಥಾಪಿಸಿದ, ಈಗ ಕತ್ರಿಗುಪ್ಪೆಯಲ್ಲಿರುವ ಪೂರ್ಣಪ್ರಜ್ಞ ವಿದ್ಯಾಪೀಠದಲ್ಲಿ ವಿದ್ಯಾರ್ಥಿಗಳು ನ್ಯಾಯ ಮತ್ತು ವೇದಾಂತವನ್ನು ಗುರುಮುಖದಿಂದ ಕಲಿಯುತ್ತಾರೆ. ಜಯನಗರ, ಜೆ.ಪಿ. ನಗರದ ಹಳೆಯ ಮನೆಗಳ ಪೋರ್ಟಿಕೋದಲ್ಲಿ, ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಭಾನುವಾರ ಬೆಳಿಗ್ಗೆ ಯೆಜ್ಡಿಯನ್ನೋ ಹಳೆಯ ಸ್ಕೂಟರನ್ನೋ ಬಿಚ್ಚಿಕೊಂಡು ಕೂರುವವರಿದ್ದಾರೆ. ಅವರಿಗೆ ಬೇಕಾದ ಬಿಡಿಭಾಗ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ನಂಬಬಹುದಾದ ಮಾತು ಎಲ್ಲಿ ಸಿಗುತ್ತದೆ ಎಂಬುದು ಅಷ್ಟು ಸುಲಭವಲ್ಲ.

ನ್ಯಾಯದರ್ಶನ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ. ವೈಶೇಷಿಕರೂ ಬೌದ್ಧ ತಾರ್ಕಿಕರೂ ಶಬ್ದವನ್ನು ಬೇರೆಯಾಗಿ ಎಣಿಸದೆ ಅನುಮಾನದಲ್ಲೇ ಸೇರಿಸುತ್ತಾರೆ. ನೈಯಾಯಿಕರ ಪ್ರಕಾರ ಆಪ್ತನಾಡಿದ ಮಾತು ಮಾತ್ರ ಪ್ರಮಾಣ. ಗೌತಮನ ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಆಪ್ತನಿಗೆ ಎರಡು ಲಕ್ಷಣ ಹೇಳುತ್ತಾನೆ. ಅವನು ವಸ್ತುವನ್ನು ಸಾಕ್ಷಾತ್ತಾಗಿ ಅರಿತಿರಬೇಕು. ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆ ಅವನಿಗಿರಬೇಕು. ಋಷಿಯಾಗಲಿ ಆರ್ಯನಾಗಲಿ ಮ್ಲೇಚ್ಛನಾಗಲಿ ಈ ಲಕ್ಷಣ ಎಲ್ಲರಿಗೂ ಒಂದೇ ಎಂದೂ ಸೇರಿಸುತ್ತಾನೆ. ಮಾತು ಓಲೆಗರಿಯ ಮೇಲಿರಬೇಕೋ ಕಾಗದದ ಮೇಲಿರಬೇಕೋ ಎಂಬ ವಿಚಾರ ಆ ಲಕ್ಷಣದಲ್ಲಿ ಎಲ್ಲಿಯೂ ಬರುವುದಿಲ್ಲ.

ಹಾಗಾಗಿ ಮೊದಲು ಕೇಳಬೇಕಾದದ್ದು ಕೈಪಿಡಿಯನ್ನು ಬರೆದವರು ಯಾರು ಎಂದು. ತಯಾರಕರ ವರ್ಕ್‌ಶಾಪ್ ಮ್ಯಾನ್ಯುಯಲ್ ಬರೆದವರು ಆ ಇಂಜಿನ್ನನ್ನು ಬಲ್ಲವರು. ಅಚ್ಚಿನ ಪ್ರತಿಯ ಮೊದಲ ಪುಟದಲ್ಲಿ ಕಂಪನಿಯ ಹೆಸರು, ಮಾಡೆಲ್, ಮುದ್ರಣದ ವರ್ಷ ಇರುವುದರಿಂದ ಕರ್ತೃವಿನ ಗುರುತು ಉಳಿಯುತ್ತದೆ. ಕೈಯಿಂದ ಕೈಗೆ ದಾಟಿ ಬಂದ ಪಿಡಿಎಫ್‌ನಲ್ಲಿ ಎಷ್ಟೋ ಸಲ ಆ ಪುಟವೇ ಇರುವುದಿಲ್ಲ. ಅದು ಯಾವ ವರ್ಷದ ಯಾವ ಮಾಡೆಲಿಗೆ ಬರೆದದ್ದೆಂದು ಗೊತ್ತಾಗುವುದಿಲ್ಲ. ಆದರೆ ಮೊದಲ ಪುಟ ಬಿಟ್ಟುಹೋದ, ಸ್ಪೈರಲ್ ಬೈಂಡಿಂಗ್ ಹಾಕಿದ ಝೆರಾಕ್ಸ್ ಪ್ರತಿಗೂ ಇದೇ ದೋಷವಿದೆ. ಕಾಗದವೆಂದ ಮಾತ್ರಕ್ಕೆ ಆಪ್ತವಾಗುವುದಿಲ್ಲ, ಪರದೆಯೆಂದ ಮಾತ್ರಕ್ಕೆ ಅನಾಪ್ತವೂ ಅಲ್ಲ.

ಮಾಧ್ಯಮದ ಪ್ರಶ್ನೆ ನಿಜವಾಗಿ ಏಳುವುದು ವಾಕ್ಯ ಅರ್ಥವಾಗುವ ಬಗೆಯಲ್ಲಿ. 17ನೇ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹ ಸಂಸ್ಕೃತ ಪಾಠಶಾಲೆಗಳಲ್ಲಿ ಇಂದಿಗೂ ತರ್ಕದ ಮೊದಲ ಪಠ್ಯ. ವಾಕ್ಯದಿಂದ ಅರ್ಥ ಹುಟ್ಟಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ಅದು ಹೇಳುತ್ತದೆ. ಒಂದು ಪದ ಇನ್ನೊಂದನ್ನು ಬೇಡುವುದು ಆಕಾಂಕ್ಷೆ. ಹೇಳಿದ ಅರ್ಥಕ್ಕೆ ಬಾಧೆ ಇಲ್ಲದಿರುವುದು ಯೋಗ್ಯತೆ. ಬೆಂಕಿಯಿಂದ ನೆನೆಸು ಎಂದರೆ ಅದಿಲ್ಲ. ಪದಗಳು ತಡವಿಲ್ಲದೆ ಒಟ್ಟಿಗೆ ಬರುವುದು ಸನ್ನಿಧಿ. ಜಾವಕ್ಕೊಂದು ಪದ ಉಚ್ಚರಿಸಿದರೆ ವಾಕ್ಯವಾಗದು.

ಸನ್ನಿಧಿಯಲ್ಲಿ ಅಚ್ಚಿನ ಪುಸ್ತಕದ್ದೇ ಮೇಲುಗೈ. ಕಾರ್ಬೊರೇಟರಿನ ಬಿಡಿಬಿಡಿ ಚಿತ್ರ ಎಡಪುಟದಲ್ಲಿ, ಅದರ ಅಂಕಿಗಳಿಗೆ ತಕ್ಕ ಹೆಸರಿನ ಪಟ್ಟಿ ಬಲಪುಟದಲ್ಲಿ ಇದ್ದರೆ ಒಂದೇ ನೋಟದಲ್ಲಿ ಎರಡೂ ಸಿಗುತ್ತವೆ. ಮೊಬೈಲಿನಲ್ಲಿ ಚಿತ್ರ ದೊಡ್ಡದು ಮಾಡಿದರೆ ಪಟ್ಟಿ ಮರೆಯಾಗುತ್ತದೆ, ಪಟ್ಟಿಗೆ ಹೋದರೆ ಚಿತ್ರ ಮರೆಯಾಗುತ್ತದೆ. ಗ್ರೀಸ್ ಮೆತ್ತಿದ ಬೆರಳಿಗೆ ಪರದೆ ಸ್ಪಂದಿಸುವುದೂ ಕಷ್ಟ. ದೊಡ್ಡ ಟ್ಯಾಬ್ಲೆಟ್ ಇದ್ದರೆ ಈ ದೋಷ ಬಹುಪಾಲು ನೀಗುತ್ತದೆ. ಆಕಾಂಕ್ಷೆಯ ತೊಡಕು ಬೇರೆ ಬಗೆಯದು. ಬಿಚ್ಚಿದ ಕ್ರಮಕ್ಕೆ ತಿರುಗಾಮುರುಗಾ ಜೋಡಿಸಿ ಎಂಬ ಸೂಚನೆ ಎಲ್ಲ ಕೈಪಿಡಿಗಳಲ್ಲೂ ಸಾಮಾನ್ಯ. ಅದು ಹಿಂದಿನ ಪುಟಗಳನ್ನು ಬೇಡುತ್ತದೆ. ವಾಟ್ಸ್ಯಾಪಿನಲ್ಲಿ ಬಂದ ಒಂದು ಪುಟದ ಫೋಟೊ ಆ ಬೇಡಿಕೆಯನ್ನು ತೀರಿಸಲಾರದು. ಹಿಂದಿನ ಪುಟಗಳಿಗೆ ಹೋಗಲು ಆಗುವ ಇಡೀ ಪಿಡಿಎಫ್ ತೀರಿಸಬಲ್ಲದು.

ಯೋಗ್ಯತೆಯನ್ನು ಬೋಲ್ಟ್ ಬಿಗಿಯುವ ಲೆಕ್ಕದಲ್ಲಿ ನೋಡಬಹುದು. ಹಳೆಯ ಕೈಪಿಡಿಗಳಲ್ಲಿ ಟಾರ್ಕ್ ಕಿಲೋಗ್ರಾಂ-ಮೀಟರಿನಲ್ಲಿ, ಹೊಸವುಗಳಲ್ಲಿ ನ್ಯೂಟನ್-ಮೀಟರಿನಲ್ಲಿ ಇರುತ್ತದೆ. ಒಂದು ಕಿಲೋಗ್ರಾಂ-ಮೀಟರ್ ಎಂದರೆ ಸುಮಾರು 9.8 ನ್ಯೂಟನ್-ಮೀಟರ್. 6 ಮಿ.ಮೀ. ದಪ್ಪದ ಸಾಧಾರಣ ಬೋಲ್ಟಿಗೆ ಸುಮಾರು 10 ನ್ಯೂಟನ್-ಮೀಟರ್, ಅಂದರೆ 1.0 ಕಿಲೋಗ್ರಾಂ-ಮೀಟರ್ ಸಾಕು. ಮಸುಕು ಸ್ಕ್ಯಾನಿನಲ್ಲಿ ದಶಮಾಂಶದ ಚುಕ್ಕಿ ಅಳಿಸಿಹೋದರೆ 1.0 ಎಂಬುದು 10 ಆಗುತ್ತದೆ. ಅದನ್ನು ನಂಬಿ ರೆಂಚ್ ಎಳೆದರೆ ಬೋಲ್ಟ್ ತುಂಡಾಗುತ್ತದೆ, ಇಲ್ಲವೇ ಅಲ್ಯೂಮಿನಿಯಂ ಕೇಸಿನ ಥ್ರೆಡ್ ಹೋಗುತ್ತದೆ. ಅಚ್ಚಿನಲ್ಲೂ ಮುದ್ರಾರಾಕ್ಷಸನ ಹಾವಳಿ ಇಲ್ಲದಿಲ್ಲ. ಆದರೆ ಅಚ್ಚಿನ ತಪ್ಪು ಇದ್ದಲ್ಲೇ ಇರುತ್ತದೆ. ಪಕ್ಕದಲ್ಲಿ ಪೆನ್ಸಿಲಿನಿಂದ ತಿದ್ದಿಟ್ಟರೆ ಮುಂದಿನವರಿಗೂ ಉಳಿಯುತ್ತದೆ. ಎರಡರಲ್ಲೂ ಓದುಗರೇ ಬೋಲ್ಟಿನ ಗಾತ್ರ ನೋಡಿ ಈ ಅಂಕಿ ಕೂಡದು ಎಂದು ನಿಲ್ಲಬೇಕು. ಯೋಗ್ಯತೆಯ ಪರೀಕ್ಷೆ ಪುಸ್ತಕದ ಕೆಲಸವಲ್ಲ.

ಪಠ್ಯ ಸ್ಥಿರವಾಗಿರಬೇಕೋ ಬದಲಾಗಬೇಕೋ ಎಂಬುದು ಮುಂದಿನ ಪ್ರಶ್ನೆ. ವೈದಿಕ ಪರಂಪರೆ ಇಲ್ಲಿ ಎರಡು ಬಗೆಯ ಗ್ರಂಥಗಳನ್ನು ಬೇರ್ಪಡಿಸಿದೆ. ಶ್ರುತಿಯಲ್ಲಿ ಒಂದು ಸ್ವರವೂ ಆಚೀಚೆ ಆಗಬಾರದೆಂದು ಪದ, ಕ್ರಮ, ಜಟಾ, ಘನ ಪಾಠಗಳ ಕಟ್ಟುನಿಟ್ಟಿದೆ. ಸ್ಮೃತಿಯಾದರೋ ಕಾಲಕ್ಕೆ ತಕ್ಕಂತೆ ಬೇರೆಯಾಗಬಹುದು. ಕಲಿಯುಗಕ್ಕೆ ತನ್ನದೇ ಧರ್ಮ ಎನ್ನುವ ಪರಾಶರಸ್ಮೃತಿಗೆ ವಿಜಯನಗರದ ಮಾಧವಾಚಾರ್ಯರು ವಿಸ್ತಾರವಾದ ವ್ಯಾಖ್ಯಾನ ಬರೆದದ್ದು ಈ ತಿಳಿವಳಿಕೆಯಿಂದಲೇ.

ಕೈಪಿಡಿಗಳಲ್ಲೂ ಈ ಎರಡು ಬಗೆ ಇವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್ ಇದ್ದ ಅದರ ಟು-ಸ್ಟ್ರೋಕ್ ಯೆಜ್ಡಿಯ ವಿಷಯದಲ್ಲಿ ತಯಾರಕರು ಹೇಳಬೇಕಾದದ್ದೆಲ್ಲ ಮುಗಿದಿದೆ. ಅಂಥ ಗಾಡಿಗೆ ಅಚ್ಚಿನ ಪ್ರತಿಯೇ ಪೂರ್ಣಪಾಠ. ಅದು ಹಳತಾಗುವ ಭಯವಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ನಂತರದ ಗಾಡಿಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಇಂಧನದ ಲೆಕ್ಕವನ್ನು ಕಾರ್ಬೊರೇಟರಿನ ಬದಲು ಸೆನ್ಸರುಗಳೂ ಸಾಫ್ಟ್‌ವೇರೂ ನೋಡಿಕೊಳ್ಳುತ್ತವೆ. ಗಾಡಿ ಮಾರಾಟವಾದ ಮೇಲೂ ತಯಾರಕರ ಸೂಚನೆ ಬದಲಾಗಬಹುದು. ಅಂಥದ್ದಕ್ಕೆ ಡಿಜಿಟಲ್ ಪ್ರತಿಯೇ ಸರಿ. ಬ್ರಿಟನ್ನಿನಲ್ಲಿ 1960ರ ದಶಕದಿಂದ ಮನೆ ಮೆಕ್ಯಾನಿಕರಿಗಾಗಿ ಕೈಪಿಡಿ ಅಚ್ಚುಹಾಕುತ್ತಿದ್ದ ಹೇನ್ಸ್ ಸಂಸ್ಥೆಯೂ ಹೊಸ ಮಾಡೆಲುಗಳಿಗೆ ಮುದ್ರಿತ ಕೈಪಿಡಿ ತರುವುದಿಲ್ಲವೆಂದು 2020ರಲ್ಲಿ ಪ್ರಕಟಿಸಿತು.

ಬದಲಾಗುವ ಪಠ್ಯಕ್ಕೆ ತನ್ನದೇ ಅಪಾಯವಿದೆ. 2009ರಲ್ಲಿ ಅಮೆಜಾನ್ ಸಂಸ್ಥೆ ಜಾರ್ಜ್ ಆರ್ವೆಲ್‌ನ ಪುಸ್ತಕಗಳನ್ನು, ಹಣ ಕೊಟ್ಟು ಕೊಂಡಿದ್ದವರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತ್ತು. ತಿದ್ದುವ ಅಧಿಕಾರ ಇದ್ದವರಿಗೆ ತೆಗೆದುಹಾಕುವ ಅಧಿಕಾರವೂ ಇರುತ್ತದೆ. ತಯಾರಕರ ತಾಣದಲ್ಲಿ ಮಾತ್ರ ತೆರೆಯುವ ಕೈಪಿಡಿಯನ್ನು ನೆಚ್ಚಿಕೊಂಡವರು ಇದನ್ನು ನೆನಪಿನಲ್ಲಿಡಬೇಕು.

ಆಪ್ತವಾಕ್ಯ ಸಿಕ್ಕಿತೆಂದೇ ಇಟ್ಟುಕೊಂಡರೂ ಅದು ನಿಜವೆಂದು ತಿಳಿಯುವುದು ಹೇಗೆ? ಜ್ಞಾನ ಸ್ವತಃ ಪ್ರಮಾಣ, ಬಾಧೆ ತೋರುವವರೆಗೆ ನಂಬಬೇಕು ಎನ್ನುತ್ತಾರೆ ಮೀಮಾಂಸಕರು. ಕೆಲಸಕ್ಕಿಳಿದು ಫಲ ಸಿಕ್ಕಾಗಲೇ ಪ್ರಾಮಾಣ್ಯ ತಿಳಿಯುವುದು ಎನ್ನುತ್ತಾರೆ ನೈಯಾಯಿಕರು. ಕತ್ರಿಗುಪ್ಪೆಯಲ್ಲಿ ಪಾಠವಾಗುವ ಮಧ್ವಸಿದ್ಧಾಂತ, ಶಾಸ್ತ್ರವೇ ಯಾವ ಪ್ರತ್ಯಕ್ಷವನ್ನು ಆಶ್ರಯಿಸಿ ನಿಂತಿದೆಯೋ ಆ ಪ್ರತ್ಯಕ್ಷವನ್ನು ಶಾಸ್ತ್ರ ತಳ್ಳಿಹಾಕಲಾರದು ಎಂಬ ಉಪಜೀವ್ಯದ ನ್ಯಾಯವನ್ನು ಮುಂದಿಡುತ್ತದೆ. ಹಿಂದಿನ ಮಾಲೀಕರು ಬೇರೆ ಮಾಡೆಲಿನ ಕಾರ್ಬೊರೇಟರ್ ಹಾಕಿಸಿದ್ದರೆ ಕೈಪಿಡಿಯ ಚಿತ್ರವೂ ಕಣ್ಣೆದುರಿನ ವಸ್ತುವೂ ಹೊಂದುವುದಿಲ್ಲ. ಆಗ ಗೆಲ್ಲುವುದು ಕಣ್ಣು. ಅಚ್ಚಾದರೂ ಅಷ್ಟೆ, ಪಿಡಿಎಫ್ ಆದರೂ ಅಷ್ಟೆ.

ಬರಹಕ್ಕೆ ಎಟುಕದ ತಿಳಿವೂ ಉಂಟು. ಬರೆದದ್ದನ್ನು ನೋಡಿ ಓದುವವನನ್ನು ಪಾಣಿನೀಯ ಶಿಕ್ಷೆ ಕೆಟ್ಟ ವೇದಪಾಠಕರ ಪಟ್ಟಿಗೆ ಸೇರಿಸಿದೆ. ಬರಹ ಪ್ರಶ್ನೆಗೆ ಉತ್ತರಿಸಲಾರದು ಎಂಬ ಆಕ್ಷೇಪ ಪ್ಲೇಟೋನ ಫೀಡ್ರಸ್‌ನಲ್ಲಿದೆ. ಬೋಲ್ಟ್ ಬಿಗಿಯಾಯಿತೆಂದು ಕೈಗೆ ತಿಳಿಯುವ ಗಳಿಗೆಯನ್ನು ಯಾವ ಪುಟವೂ ಹೇಳದು. ಇಲ್ಲಿ ಡಿಜಿಟಲ್‌ಗೆ ಒಂದು ಹೆಚ್ಚುಗಾರಿಕೆ ಇದೆ: ಇಂಜಿನ್ ಸರಿಯಾಗಿ ಓಡುವಾಗಿನ ಸದ್ದನ್ನೂ ನುರಿತವರ ಕೈಯ ಚಲನೆಯನ್ನೂ ವಿಡಿಯೊ ತೋರಿಸಬಲ್ಲದು. ಆದರೂ ಕೈ ಹಿಡಿದು ತಿದ್ದುವ ಮೇಸ್ತ್ರಿಯ ಸ್ಥಾನ ಅದರದಲ್ಲ.

ಪೂಜೆಯ ವಿಷಯಕ್ಕೆ ಬಂದರೆ, ನವರಾತ್ರಿಯಲ್ಲಿ ಸರಸ್ವತಿಗೆ ಪುಸ್ತಕಗಳನ್ನೂ ಆಯುಧಪೂಜೆಗೆ ಸಲಕರಣೆಗಳನ್ನೂ ಇಡುತ್ತಾರೆ. ರಿಪೇರಿ ಕೈಪಿಡಿ ಎರಡೂ ಕಡೆಗೆ ಸಲ್ಲುತ್ತದೆ. ಆವಾಹನೆ, ವಿಸರ್ಜನೆಗಳ ಕ್ರಮದಲ್ಲಿ ದೇವತೆಗೆ ವಸ್ತು ಅಧಿಷ್ಠಾನ ಮಾತ್ರ. ಹಾಗಾಗಿ ಬೆಂಗಳೂರಿನ ಕಚೇರಿಗಳಲ್ಲಿ ಕಂಪ್ಯೂಟರಿಗೂ ಕುಂಕುಮ ಹಚ್ಚುವುದರಲ್ಲಿ ಅಸಂಗತವೇನಿಲ್ಲ. ವ್ಯತ್ಯಾಸ ಆಚರಣೆಯಲ್ಲಿ ಕಾಣುತ್ತದೆ. ಪೂಜೆಗಿಟ್ಟ ಪುಸ್ತಕವನ್ನು ಆ ದಿನ ತೆರೆಯಬಾರದೆಂಬ ರೂಢಿಯನ್ನು ಪುಸ್ತಕಕ್ಕೆ ಪಾಲಿಸಬಹುದು. ಹತ್ತೆಂಟು ಕೆಲಸಕ್ಕೆ ಬೇಕಾದ ಮೊಬೈಲನ್ನು ಯಾರೂ ಹಾಗೆ ಎತ್ತಿಡುವುದಿಲ್ಲ.

ಕೊನೆಯದು ಹಂಚಿಕೆ. ಜೈನರಲ್ಲಿ ಆಹಾರ, ಅಭಯ, ಔಷಧಗಳ ಜೊತೆ ಶಾಸ್ತ್ರದಾನವೂ ಶ್ರೇಷ್ಠ ದಾನ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆ 10ನೇ ಶತಮಾನದಲ್ಲೇ ಇದನ್ನು ಮಾಡಿ ತೋರಿಸಿದಳು. ಪ್ರತಿ ಮಾಡುವ ಖರ್ಚೇ ಇಲ್ಲದ ಡಿಜಿಟಲ್ ಈ ದಾನಕ್ಕೆ ಹೇಳಿಮಾಡಿಸಿದ್ದು. ಆದರೆ ತಯಾರಕರ ಹಕ್ಕಿನ ಕೈಪಿಡಿಯನ್ನು ಅನುಮತಿಯಿಲ್ಲದೆ ಹಂಚುವುದು ದಾನವಾಗದು. ಕೊಡಬೇಕಾದವರು ತಯಾರಕರೇ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ಆರಂಭಿಸಿದ್ದು ಇಂಥ ಮಾಹಿತಿ ಗ್ರಾಹಕರಿಗೆ ಒಂದೆಡೆ ಸಿಗಲೆಂದು.

ಒಟ್ಟಿನಲ್ಲಿ, ತಯಾರಿಕೆ ನಿಂತ ಗಾಡಿಗೆ ಮೊದಲ ಪುಟ ಸಹಿತವಾದ ಅಚ್ಚಿನ ಕೈಪಿಡಿ. ಇನ್ನೂ ಬದಲಾಗುತ್ತಿರುವ ಗಾಡಿಗೆ ತಯಾರಕರೇ ಕೊಡುವ ಡಿಜಿಟಲ್ ಕೈಪಿಡಿ, ಮುಖ್ಯ ಪುಟಗಳನ್ನು ಪ್ರಿಂಟ್ ಹಾಕಿಸಿಕೊಂಡು. ಕರ್ತೃ ಯಾರೆಂದು ತಿಳಿಯದ ಕೈಪಿಡಿ ಯಾವ ರೂಪದಲ್ಲಿದ್ದರೂ ಅದರ ಅಂಕಿಯನ್ನು ಇನ್ನೊಂದು ಕಡೆ ಒರೆಗೆ ಹಚ್ಚದೆ ಬೋಲ್ಟಿಗೆ ರೆಂಚ್ ಹಾಕಬಾರದು.